ಕಾಯಿಲೆಯ ಮನೆಗೆ, ಸಾವಿನ ಮನೆಗೆ ಯಾವ ಕನ್ನಡ ಬೈಬಲ್? ಎರಡು ಅನುವಾದ, ಒಂದು ಆ್ಯಪ್, ತೆರೆಯಬೇಕಾದ ಪುಟಗಳು

ದುಡ್ಡು ಕೊಟ್ಟು ಕೊಳ್ಳುವ ಪುಸ್ತಕ ಎಂಬ ಲೆಕ್ಕದಲ್ಲಿ ಕನ್ನಡ ಬೈಬಲನ್ನು ಇಲ್ಲಿ ನೋಡಿದ್ದೇವೆ: ಅದರ ಭಾಷೆ, ಅಕ್ಷರ, ಕಾಗದ, ಹೊಲಿಗೆ. ನೋಡಿದ್ದು ಒಂದೇ ಕೆಲಸಕ್ಕೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಘಟ್ಟದ ಮೇಲೆ ಶಿರಸಿ, ಹಳಿಯಾಳದ ಕಡೆ, ಕಾಯಿಲೆ ಬಿದ್ದವರ ಹಾಸಿಗೆಯ ಪಕ್ಕ ಕೂತು ಓದುವುದಕ್ಕೆ, ಹೆಣ ಎತ್ತಿದ ಮನೆಯ ಜಗಲಿಯಲ್ಲಿ ಓದುವುದಕ್ಕೆ ಯಾವುದು ಸರಿಹೋಗುತ್ತದೆ ಎಂದು.

ಆ ಮನೆಗಳಲ್ಲಿ ಕಾದಿರುವ ಪ್ರಶ್ನೆ ಒಂದೇ. ‘ಇಗರ್ಜಿ (ಚರ್ಚು) ಬಿಟ್ಟವರಲ್ಲ, ಸಂಜೆಯ ತೇರ್ಸ (ಜಪಮಾಲೆ ಪ್ರಾರ್ಥನೆ) ತಪ್ಪಿಸಿದವರಲ್ಲ, ನಮಗೇ ಯಾಕೆ ಹೀಗಾಯ್ತು?’ ಪ್ರಾಟೆಸ್ಟೆಂಟರ ಮನೆಯಲ್ಲಿ ಇದೇ ಮಾತು ಬೇರೆ ಉಡುಪಿನಲ್ಲಿ ಬರುತ್ತದೆ: ‘ಉಪವಾಸ ಕೂತೆವು, ಸಭೆಯವರೆಲ್ಲ ಪ್ರಾರ್ಥನೆ ಮಾಡಿದರು, ಆದರೂ ಮಗು ಉಳಿಯಲಿಲ್ಲ.’ ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ ಎನ್ನುವವರು ಅದನ್ನು ಓದಿಲ್ಲ. ಒಂದೇ ಉತ್ತರವಿದೆ ಎನ್ನುವವರು ಅರ್ಧ ಓದಿದ್ದಾರೆ. ಬೇರೆಬೇರೆ ನೋವಿಗೆ ಬೇರೆಬೇರೆ ಮಾತಿದೆ, ಕೆಲವು ನೋವಿಗೆ ಕಾರಣವನ್ನೇ ಹೇಳದೆ ಬಿಟ್ಟದ್ದೂ ಇದೆ. ಭೇಟಿಗೆ ಹೋದವರು ಮಾಡುವ ದೊಡ್ಡ ತಪ್ಪೆಂದರೆ ಒಬ್ಬರ ನೋವಿಗೆ ಬರೆದ ಪುಟವನ್ನು ಇನ್ನೊಬ್ಬರ ಮನೆಯಲ್ಲಿ ತೆರೆಯುವುದು. ಹಾಗಾಗಿ ಈ ವಿಮರ್ಶೆಯಲ್ಲಿ ರಟ್ಟು, ಕಾಗದಕ್ಕಿಂತ ಪುಟಗಳ ಮಾತೇ ಹೆಚ್ಚು.

ಮೊದಲು ಅನುವಾದ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನವರ ದುಡಿಮೆಯಿಂದ. ಇವತ್ತು ನಮ್ಮ ಕಡೆ ಕೈಗೆ ಸಿಗುವುದು ಮುಖ್ಯವಾಗಿ ಎರಡು, ಎರಡೂ ಬೈಬಲ್ ಸೊಸೈಟಿ ಆಫ್ ಇಂಡಿಯಾದ ಪ್ರಕಟಣೆಗಳು. ಒಂದು, ಪ್ರಾಟೆಸ್ಟೆಂಟ್ ಸಭೆಗಳಲ್ಲಿ ತಲೆಮಾರುಗಳಿಂದ ಓದುತ್ತಿರುವ ಹಳೆಯ ‘ಸತ್ಯವೇದವು’. ಇನ್ನೊಂದು, ಕಥೋಲಿಕರೂ ಬಳಸುವ ಸಾಮಾನ್ಯ ಭಾಷೆಯ ಅನುವಾದ.

ಹಳೆಯದರಲ್ಲಿ ಗಾಂಭೀರ್ಯವಿದೆ. ಕೀರ್ತನೆಗಳನ್ನು, ಅಂದರೆ ಬೈಬಲಿನ ಹಾಡುಗಳನ್ನು, ಗಟ್ಟಿಯಾಗಿ ಓದಿದರೆ ಲಯ ತಾನಾಗಿ ಬರುತ್ತದೆ, ಬಾಲ್ಯದಿಂದ ಬಾಯಿಪಾಠವಾಗಿರುವ ಹಿರಿಯರು ಕಣ್ಣು ಮುಚ್ಚಿಕೊಂಡೇ ಜೊತೆಗೂಡುತ್ತಾರೆ. ಕಾಯಿಲೆಯಲ್ಲಿ ಇದಕ್ಕೆ ಬೆಲೆ ಕಟ್ಟಲಾಗದು. ನೆನಪು ಮಾಸಿದವರ ಬಾಯಲ್ಲೂ 23ನೇ ಕೀರ್ತನೆ ಬರುತ್ತದೆ, ಅದೂ ಹಳೆಯ ಪದಗಳಲ್ಲೇ ಬರುತ್ತದೆ. ಆದರೆ ‘ಮಾಡುವದು’, ‘ಗೊತ್ತದೆ’ ಎಂಬ ರೂಪಗಳು, ಒಂದರ ಬೆನ್ನಿಗೊಂದು ಹೆಣೆದ ಉದ್ದ ವಾಕ್ಯಗಳು ಹೊಸಬರಿಗೆ ತೊಡಕು. ಕಾರವಾರದ ಕ್ರೈಸ್ತ ಮನೆಗಳಲ್ಲಿ ಆಡುಮಾತು ಹೆಚ್ಚಾಗಿ ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಜ್ವರದಲ್ಲಿ ಮಲಗಿದವರು ಉದ್ದ ವಾಕ್ಯದ ತುದಿ ತಲುಪುವಷ್ಟರಲ್ಲಿ ಮೊದಲನ್ನು ಮರೆತಿರುತ್ತಾರೆ.

ಸಾಮಾನ್ಯ ಭಾಷೆಯ ಅನುವಾದದಲ್ಲಿ ವಾಕ್ಯ ಚಿಕ್ಕದು, ಕೇಳಿದ ಕೂಡಲೇ ತಿಳಿಯುತ್ತದೆ. ಗೌರವದ ರೂಪವೂ ಬೇರೆ. ಹಳೆಯದರಲ್ಲಿ ಯೇಸು ‘ಹೇಳಿದನು’, ಇದರಲ್ಲಿ ‘ಹೇಳಿದರು’. ಹಳೆಯದರ ‘ಯೆಹೋವ’ ಇಲ್ಲಿ ‘ಸರ್ವೇಶ್ವರ’. ಪೂಜೆಯಲ್ಲಿ ‘ಯೇಸುಸ್ವಾಮಿ’ ಎಂದು ಕೇಳಿ ಬೆಳೆದ ಕಥೋಲಿಕ ಅಜ್ಜಿಯ ಮುಂದೆ ಏಕವಚನದಲ್ಲಿ ಓದಿದರೆ ಆ ಒಂದು ಅಕ್ಷರ ಅವರ ಗಮನವನ್ನೆಲ್ಲ ಎಳೆದುಕೊಳ್ಳುತ್ತದೆ. ಹಾಗೆಯೇ ಹಳೆಯ ಸತ್ಯವೇದ ಬಲ್ಲವರ ಮುಂದೆ ಹೊಸದನ್ನು ಓದಿದರೆ ಪರಿಚಯದ ದನಿ ತಪ್ಪಿದಂತೆ ಅನ್ನಿಸುತ್ತದೆ. ಆದ್ದರಿಂದ ನಿಯಮ ಸುಲಭ: ನಿಮ್ಮ ಬೈಬಲನ್ನು ತೆರೆಯುವ ಮುಂಚೆ ಆ ಮನೆಯ ಬೈಬಲನ್ನು ಕೇಳಿ ತೆಗೆದುಕೊಳ್ಳಿ, ಅಲ್ಲಿ ಇಲ್ಲದಿದ್ದರೆ ಮಾತ್ರ ನಿಮ್ಮದು. ಅದರಲ್ಲಿ ಅವರೇ ಗೆರೆ ಎಳೆದ ಜಾಗಗಳಿರುತ್ತವೆ. ಎಲ್ಲಿಂದ ಶುರುಮಾಡಬೇಕು ಎಂಬುದು ಅರ್ಧ ಅಲ್ಲೇ ತಿಳಿಯುತ್ತದೆ.

ಎರಡರ ನಡುವೆ ಇನ್ನೊಂದು ದೊಡ್ಡ ವ್ಯತ್ಯಾಸ ಗ್ರಂಥಗಳ ಸಂಖ್ಯೆಯದು. ಪ್ರಾಟೆಸ್ಟೆಂಟ್ ಬೈಬಲಿನಲ್ಲಿ 66, ಕಥೋಲಿಕರದರಲ್ಲಿ 73. ಹೆಚ್ಚುವರಿಯಲ್ಲಿ ನಮ್ಮ ಕೆಲಸಕ್ಕೆ ಬಹಳ ಬೇಕಾದವು ಎರಡು. ಜ್ಞಾನಗ್ರಂಥದ 3ನೇ ಅಧ್ಯಾಯ ಸಾವಿನ ಮನೆಗೆ: ನೀತಿವಂತರ ಪ್ರಾಣ ದೇವರ ಕೈಯಲ್ಲಿದೆ ಎಂದು ಅದು ಶುರುವಾಗುತ್ತದೆ. ಸಿರಾಖನ 38ನೇ ಅಧ್ಯಾಯದ ಮೊದಲ 15 ವಚನ ಕಾಯಿಲೆಯ ಮನೆಗೆ: ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಇಟ್ಟಿದ್ದಾರೆ, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ, ಬುದ್ಧಿಯುಳ್ಳವನು ಅದನ್ನು ಬೇಡವೆನ್ನುವುದಿಲ್ಲ ಎಂಬುದು ಅದರ ಸಾರ. ‘ನಂಬಿಕೆ ಇದ್ದರೆ ಮಾತ್ರೆ ಯಾಕೆ?’ ಎಂದು ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆ ನಿಲ್ಲಿಸುವವರು ಈಗಲೂ ಇದ್ದಾರೆ. ಅವರಿಗೆ ಇದಕ್ಕಿಂತ ನೇರವಾದ ಪುಟ ಬೈಬಲಿನಲ್ಲಿ ಬೇರೆಲ್ಲೂ ಇಲ್ಲ. ಕೊಳ್ಳುವಾಗ ಹೆಚ್ಚುವರಿ ಗ್ರಂಥಗಳಿರುವ ಪ್ರತಿಯೇ ಬೇಕೆಂದು ಬಾಯಿ ಬಿಟ್ಟು ಕೇಳಿ, ಪರಿವಿಡಿ ತೆರೆದು ನೋಡಿ, ರಟ್ಟು ನೋಡಿ ನಂಬಬೇಡಿ. 66 ಗ್ರಂಥದ ಪ್ರತಿ ಇರುವ ಮನೆಯಲ್ಲಿ ಇದೇ ಕೆಲಸಕ್ಕೆ 1 ತಿಮೊಥೆಯ 5:23 (5ನೇ ಅಧ್ಯಾಯ, 23ನೇ ವಚನ) ಸಾಕು: ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದ ಶಿಷ್ಯನಿಗೆ ಅಪೊಸ್ತಲ ಪೌಲ ಬರೆದದ್ದು ಹೊಟ್ಟೆಗೆ ಏನು ಕುಡಿಯಬೇಕೆಂಬ ಸಲಹೆ, ನಂಬಿಕೆ ಸಾಲದು ಎಂಬ ಬೈಗುಳವಲ್ಲ.

ಇನ್ನು ಪುಟಗಳು.

ಯೋಬನಿಂದಲೇ ಶುರುಮಾಡಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ನಡೆಯುವುದು ಅಲ್ಲೇ. ತಪ್ಪಿಲ್ಲದೆ ಮಕ್ಕಳು, ಆಸ್ತಿ, ಆರೋಗ್ಯ ಕಳೆದುಕೊಂಡವನ ಪುಸ್ತಕ ಅದು, ಒಟ್ಟು 42 ಅಧ್ಯಾಯ. ಮೊದಲೆರಡರಲ್ಲಿ ಪರಲೋಕದಲ್ಲಿ ದೇವರಿಗೂ ಸೈತಾನನಿಗೂ ನಡೆದ ಮಾತುಕತೆ ಓದುಗರಿಗೆ ಕಾಣುತ್ತದೆ, ಯೋಬನಿಗೆ ಕಾಣುವುದಿಲ್ಲ, ಕೊನೆಯವರೆಗೂ ಯಾರೂ ಅವನಿಗೆ ಅದನ್ನು ಹೇಳುವುದೂ ಇಲ್ಲ. ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದು. 4ನೇ ಅಧ್ಯಾಯದಲ್ಲಿ ಬಾಯಿ ತೆರೆದರು, ಅಲ್ಲಿಂದ ಕೆಡಿಸಿದರು. ಅವರ ಲೆಕ್ಕ ನೇರ: ಇಷ್ಟು ದೊಡ್ಡ ಕಷ್ಟ ಬಂದಿದೆ ಅಂದರೆ ಇಷ್ಟು ದೊಡ್ಡ ತಪ್ಪು ಎಲ್ಲೋ ಇರಬೇಕು. 38ನೇ ಅಧ್ಯಾಯದಿಂದ ದೇವರು ಮಾತಾಡಿದಾಗ ಕಾರಣ ಹೇಳಲಿಲ್ಲ, ಪ್ರಶ್ನೆಗಳನ್ನೇ ಕೇಳಿದರು. 42:7ರಲ್ಲಿ ಮಾತ್ರ ಗೆಳೆಯರ ಮೇಲೆ ಸಿಟ್ಟಾದರು: ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು. ಕೂಗಾಡಿದವನು, ಹುಟ್ಟಿದ ದಿನವನ್ನೇ ಶಪಿಸಿದವನು ಸರಿಯೆನಿಸಿಕೊಂಡ. ದೇವರ ಪರವಾಗಿ ವಾದ ಹೂಡಿದವರು ತಪ್ಪಿತಸ್ಥರಾದರು.

ಈಗ ಒಂದು ವಚನವನ್ನು ಹತ್ತಿರದಿಂದ ನೋಡಿ. ಯೋಬ 8:7. ನಿನ್ನ ಆರಂಭ ಅಲ್ಪವಾಗಿದ್ದರೂ ಅಂತ್ಯ ಬಹಳ ಬೆಳೆಯುತ್ತದೆ ಎಂಬ ಅರ್ಥದ ಸಾಲು. ವಾಗ್ದಾನದ ಕ್ಯಾಲೆಂಡರಿನಲ್ಲಿ, ಹೊಸ ವರ್ಷದ ಕಾರ್ಡಿನಲ್ಲಿ, ಅಂಗಡಿ ತೆರೆಯುವ ದಿನದ ಆಹ್ವಾನ ಪತ್ರಿಕೆಯಲ್ಲಿ ಆಗಾಗ ಕಾಣುತ್ತದೆ. ಹೇಳಿದವನು ಬಿಲ್ದದ, ಗೆಳೆಯರಲ್ಲಿ ಒಬ್ಬ. ಅದೇ ಉಸಿರಿನಲ್ಲಿ, ಮೂರು ವಚನ ಮುಂಚೆ, 8:4ರಲ್ಲಿ ಅವನು ಯೋಬನಿಗೆ ಅಂದದ್ದು ಏನು? ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದರ ಫಲ ಉಂಡರು ಎಂದು. ಹತ್ತು ಮಕ್ಕಳನ್ನು ಕಳೆದುಕೊಂಡ ತಂದೆಗೆ. ಮಗುವನ್ನು ಕಳೆದುಕೊಂಡ ಮನೆಗೆ ಯಾರೋ ಒಳ್ಳೆಯ ಮನಸ್ಸಿನಿಂದ ಈ ಕಾರ್ಡು ಕಳಿಸುತ್ತಾರೆ, ಆ ತಾಯಿ ಬೈಬಲ್ ತೆರೆದು ಸುತ್ತಲಿನ ಸಾಲು ಓದಿದರೆ ಏನಾಗುತ್ತದೆ ಎಂದು ಯೋಚಿಸಿ. ಆದ್ದರಿಂದ ಬೈಬಲ್ ಕೊಳ್ಳುವಾಗ ಯೋಬನ ಪುಸ್ತಕ ತೆರೆದು, ಯಾರ ಮಾತು ಎಲ್ಲಿ ಶುರುವಾಗುತ್ತದೆ ಎಂಬ ತಲೆಬರಹ ಎದ್ದು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಪೆನ್ಸಿಲಿನಲ್ಲಿ ಅಂಚಿಗೆ ಎ, ಬಿ, ಚೋ ಎಂದು ಎಲೀಫಜ, ಬಿಲ್ದದ, ಚೋಫರರ ಗುರುತು ಹಾಕಿಕೊಳ್ಳಿ. ಅರ್ಧ ತಾಸಿನ ಕೆಲಸ.

ಕಷ್ಟ ಬಂದವನು ಹೆಚ್ಚು ಪಾಪಿಯೇ ಎಂಬ ಪ್ರಶ್ನೆಗೆ ಯೇಸುವಿನ ಉತ್ತರ ಎರಡು ಕಡೆ ಸ್ಪಷ್ಟವಾಗಿದೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದರು. ಇಬ್ಬರೂ ಅಲ್ಲ ಎಂದರು ಯೇಸು. ಲೂಕ 13ರ ಮೊದಲ 5 ವಚನದಲ್ಲಿ ಸಿಲೋವದ ಗೋಪುರ ಬಿದ್ದು ಸತ್ತ 18 ಜನರ ಮಾತು ಬರುತ್ತದೆ. ಜೆರುಸಲೇಮಿನ ಉಳಿದವರಿಗಿಂತ ಅವರು ಹೆಚ್ಚು ತಪ್ಪು ಮಾಡಿದವರೋ? ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿದಾಗ ಚಹಾ ಅಂಗಡಿಯಲ್ಲಿದ್ದವರೂ ಹೋದರು, ದಾರಿಹೋಕ ಲಾರಿಯವರೂ ಹೋದರು. ಆ ಗುಡ್ಡದ ಬುಡದಲ್ಲಿ ಯಾರು ನಿಂತಿದ್ದರು ಎಂಬುದಕ್ಕೂ ಅವರ ಪುಣ್ಯಪಾಪಕ್ಕೂ ಗಂಟು ಹಾಕುವ ಬಾಯಿಗೆ ಈ 5 ವಚನವೇ ಬೀಗ. ಗೋಪುರ ಯಾಕೆ ಬಿತ್ತೆಂದು ಯೇಸು ವಿವರಿಸಲಿಲ್ಲ ಎಂಬುದನ್ನೂ ಗಮನಿಸಬೇಕು. ಸತ್ತವರ ಲೆಕ್ಕ ಬಿಟ್ಟು ಬದುಕಿರುವ ನೀವು ದೇವರ ಕಡೆಗೆ ತಿರುಗಿಕೊಳ್ಳಿ ಎಂದರು. ಆ ಎರಡನೆಯ ಮಾತನ್ನು ಶೋಕದ ಮನೆಯಲ್ಲಿ ಓದಬೇಡಿ. ಅದು ಗುಂಪಿನಲ್ಲಿ ನಿಂತು ಸುದ್ದಿ ಹೇಳುತ್ತಿದ್ದವರಿಗೆ ಹೇಳಿದ್ದು.

ರೋಮಾಪುರದವರಿಗೆ ಬರೆದ ಪತ್ರದ 8:28, ಬಹುಶಃ ಅತಿ ಹೆಚ್ಚು ದುಡಿಸಿಕೊಂಡ ವಚನ. ಹಳೆಯ ಸತ್ಯವೇದದಲ್ಲಿ ಅದರ ತಿರುಳು ‘ಹಿತ’ ಮತ್ತು ‘ಅನುಕೂಲ’ ಎಂಬ ಎರಡು ಪದಗಳ ಮೇಲೆ ನಿಂತಿದೆ. ಅನುವಾದವಾದ ಕಾಲಕ್ಕೆ ಅದು ಸರಿಯೇ. ಆದರೆ ಇವತ್ತಿನ ಆಡುಮಾತಿನಲ್ಲಿ ಅನುಕೂಲ ಎಂದರೆ ಸೌಕರ್ಯ: ಬಸ್ಸು ಅನುಕೂಲ, ಮನೆಯಲ್ಲಿ ಅನುಕೂಲವಾಗಿದ್ದಾರೆ. ಕೇಳಿದವರಿಗೆ ‘ದೇವರು ಎಲ್ಲವನ್ನೂ ಸುಖವಾಗಿ ಮುಗಿಸುತ್ತಾನೆ’ ಎಂದು ಹೊಳೆಯುತ್ತದೆ. ಹಿತ ಮತ್ತು ಸುಖದ ನಡುವಿನ ಅಂತರ ಕನ್ನಡಿಗರಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಸ್ಮಶಾನದಿಂದ ಬಂದ ಸಂಜೆ ಆ ಅಂತರ ಯಾರ ತಲೆಗೂ ಬರುವುದಿಲ್ಲ. ಪರಿಹಾರ ಇದೆ: 28ರಿಂದ ಶುರುಮಾಡಬೇಡಿ, 18ರಿಂದ ಓದಿ. 22ರಲ್ಲಿ ಸೃಷ್ಟಿಯೆಲ್ಲ ಹೆರಿಗೆ ನೋವಿನಂತೆ ನರಳುತ್ತದೆ, 23ರಲ್ಲಿ ದೇವರಾತ್ಮವನ್ನು ಪಡೆದ ನಾವೂ ನರಳುತ್ತೇವೆ, 26ರಲ್ಲಿ ಮಾತಿಗೆ ಸಿಗದ ನರಳಾಟದಲ್ಲಿ ಪವಿತ್ರಾತ್ಮ ತಾನೇ ನಮಗಾಗಿ ಬೇಡುತ್ತದೆ. ಮೂರು ನರಳಾಟ ದಾಟಿದ ಮೇಲೆ 28 ಬರುತ್ತದೆ. ವಿಶ್ವಾಸಿಗೂ ನೋವು ಯಾಕೆ ಎಂಬ ಪ್ರಶ್ನೆಗೆ ಪೌಲನ ವಿಶಾಲ ಉತ್ತರ ಇದೇ ಭಾಗದಲ್ಲಿದೆ: ಕೆಟ್ಟುಹೋದ ಲೋಕ ಇನ್ನೂ ಪೂರ್ತಿ ರಿಪೇರಿಯಾಗಿಲ್ಲ, ವಿಶ್ವಾಸಿಯ ಶರೀರವೂ ಅದೇ ಲೋಕದ ಮಣ್ಣು, ಅದರ ಬಿಡುಗಡೆ ಇನ್ನೂ ಬರಬೇಕಿದೆ. ದೀಕ್ಷಾಸ್ನಾನ ಪಡೆದವರಿಗೆ ಕ್ಯಾನ್ಸರ್ ಬರುವುದಿಲ್ಲ, ದೋಣಿ ಮಗುಚುವುದಿಲ್ಲ ಎಂದು ಯಾವ ಪುಟದಲ್ಲೂ ಬರೆದಿಲ್ಲ. ಲೋಕದಲ್ಲಿ ನಿಮಗೆ ಸಂಕಟವುಂಟು ಎಂದು ಯೇಸು ಮುಂಚಿತವಾಗಿ ಹೇಳಿಟ್ಟದ್ದು ಯೋಹಾನ 16:33ರಲ್ಲಿದೆ.

ಅಣ್ಣಂದಿರೇ ಗುಲಾಮನಾಗಿ ಮಾರಿದ ಯೋಸೇಫನ ಕಥೆಯೂ ಹೀಗೆಯೇ ಅವಸರಕ್ಕೆ ಸಿಕ್ಕಿದೆ. ನೀವು ಕೇಡು ಬಗೆದಿರಿ, ದೇವರು ಅದನ್ನು ಒಳಿತಿಗೆ ತಿರುಗಿಸಿದರು ಎಂಬ ಮಾತು ಆದಿಕಾಂಡ 50:20. ವಯಸ್ಸಿನ ಲೆಕ್ಕ ಪುಸ್ತಕದಲ್ಲೇ ಇದೆ. ಕಥೆ ಶುರುವಾದಾಗ ಅವನಿಗೆ 17, ಫರೋಹನ ಮುಂದೆ ನಿಂತಾಗ 30, ಸಮೃದ್ಧಿಯ 7 ವರ್ಷ, ಬರದ 2 ವರ್ಷ ಕಳೆದು ಅಣ್ಣಂದಿರಿಗೆ ತನ್ನನ್ನು ತೋರಿಸಿಕೊಂಡಾಗ 39, ತಂದೆ ಐಗುಪ್ತದಲ್ಲಿ ಬಾಳಿದ್ದು ಇನ್ನೂ 17 ವರ್ಷ. ಅಂದರೆ ಆ ಮಾತು ಬಾಯಿಂದ ಬರುವ ಹೊತ್ತಿಗೆ ಸುಮಾರು 56. ನೋವಿಗೂ ಅರ್ಥಕ್ಕೂ ನಡುವೆ ಹತ್ತಿರಹತ್ತಿರ 39 ವರ್ಷ. ಹೇಳಿದ್ದೂ ಅವನೇ, ಮಾರಿದವರ ಮುಂದೆ. ಅಪಘಾತವಾಗಿ ಮೂರನೇ ದಿನಕ್ಕೆ ನೆರೆಯವರು ಬಂದು ಹೇಳುವ ಮಾತಲ್ಲ ಅದು. ಇಬ್ರಿಯರಿಗೆ ಬರೆದ ಪತ್ರದ 12ರಲ್ಲಿ, ದೇವರು ತಂದೆಯಂತೆ ಶಿಕ್ಷಿಸಿ ತಿದ್ದುತ್ತಾರೆ ಎಂಬ ಮಾತಿಗೂ ಇದೇ ಕಟ್ಟು: ‘ಈ ಕಷ್ಟದಲ್ಲಿ ದೇವರು ನನ್ನನ್ನು ತಿದ್ದಿದರು’ ಎಂದು ಅನುಭವಿಸಿದವರು ಹೇಳಬಹುದು. ಅವರ ಬದಲಿಗೆ ಬೇರೆಯವರು ಹೇಳಿದರೆ ಬಿಲ್ದದನ ಪಕ್ಕ ಕೂತಂತೆ.

ಗುಣವಾಗದ ಕಾಯಿಲೆಯ ಮನೆಗೆ ಎರಡು ಪುಟ ಗುರುತು ಮಾಡಿಡಿ. 2 ಕೊರಿಂಥ 12:7ರಿಂದ 10: ಶರೀರದಲ್ಲಿ ನೆಟ್ಟಿದ್ದ ನೋವನ್ನು ತೆಗೆ ಎಂದು ಪೌಲ ಮೂರು ಸಲ ಬೇಡಿದ, ತೆಗೆಯಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಇನ್ನೊಂದು 2 ತಿಮೊಥೆಯ 4:20, ಪತ್ರದ ತುದಿಯಲ್ಲಿ ಯಾರೂ ಗಮನಿಸದ ಒಂದು ಸಾಲು: ತ್ರೊಫಿಮನು ಕಾಯಿಲೆ ಬಿದ್ದದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ. ಯಾರಯಾರನ್ನೋ ಗುಣಪಡಿಸಿದ ಪೌಲ ಜೊತೆಗಾರನನ್ನು ಹಾಸಿಗೆಯಲ್ಲೇ ಬಿಟ್ಟು ಹೊರಟ, ಅದಕ್ಕೆ ಒಂದು ಸಬೂಬೂ ಬರೆಯಲಿಲ್ಲ. ‘ನಂಬಿಕೆ ಸಾಲಲಿಲ್ಲ’ ಎಂದು ಯಾರೋ ಹೇಳಿಹೋದ ಮನೆಗೆ ಈ ಒಂದು ಸಾಲು ಮಾಡುವ ಉಪಕಾರ ದೊಡ್ಡದು. ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯವೂ ಇದೇ ಮಾತು ಹೇಳುತ್ತದೆ. ಯೇಸುವಿನ ಶಿಷ್ಯರಲ್ಲಿ ಮೊದಲು ಯಾಕೋಬ ಕತ್ತಿಗೆ ಬಲಿ, ಮುಂದೆ ಪೇತ್ರ ಸೆರೆಯಿಂದ ಪಾರು. ಒಂದೇ ಸಭೆ, ಒಂದೇ ಅರಸ. ಯಾಕೋಬನಿಗೆ ವಿಶ್ವಾಸ ಕಡಿಮೆಯಿತ್ತೆಂದು ಆ ಪುಸ್ತಕ ಬರೆದ ಲೂಕ ಹೇಳಿಲ್ಲ.

ಬೆಳೆ ಹೋದ ಮನೆಗೆ ಹಬಕ್ಕೂಕ 3:17, 18. ಅಂಜೂರ ಚಿಗುರದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ಎಂದು ಒಂದೊಂದೇ ನಷ್ಟವನ್ನು ಹೆಸರಿಸುತ್ತದೆ. ಶಿರಸಿ, ಸಿದ್ದಾಪುರದ ಕಡೆ ಎರಡೆರಡು ಸಲ ಬೋರ್ಡೋ ಔಷಧಿ ಹೊಡೆದರೂ ಕೊಳೆರೋಗಕ್ಕೆ ಉದುರಿದ ಅಡಿಕೆ ನೋಡಿದವರಿಗೆ ಈ ಪಟ್ಟಿ ಪರದೇಶದ್ದು ಅನ್ನಿಸುವುದಿಲ್ಲ.

ಆದರೆ ಮೊದಲ ಭೇಟಿಗೆ ಕಾರಣದ ಪುಟ ಯಾವುದೂ ಬೇಡ. ಅಳುವ ಪುಟ ಸಾಕು. 13ನೇ ಕೀರ್ತನೆ 6 ವಚನ, ನಿಧಾನವಾಗಿ ಓದಿದರೂ ಒಂದು ನಿಮಿಷ. ಎಲ್ಲಿಯವರೆಗೆ ಎಂದು ಮೊದಲೆರಡು ವಚನದಲ್ಲೇ ನಾಲ್ಕು ಸಲ ಕೇಳುತ್ತದೆ. 22ನೇ ಕೀರ್ತನೆಯ ಮೊದಲ ಸಾಲನ್ನೇ ಯೇಸು ಶಿಲುಬೆಯ ಮೇಲೆ ಕೂಗಿದ್ದು, ಮತ್ತಾಯ 27:46. ದೇವರು ಕೈಬಿಟ್ಟರು ಅನ್ನಿಸುವುದೇ ಪಾಪವೆಂದು ಅಂಜುವವರಿಗೆ ಇವೆರಡನ್ನೂ ಜೊತೆಗಿಟ್ಟು ತೋರಿಸಬೇಕು. 88ನೇ ಕೀರ್ತನೆಯದು ಇನ್ನೂ ಕಟ್ಟುನಿಟ್ಟು: 18 ವಚನ, ಕೊನೆಗೂ ಬೆಳಕಿನ ಕಡೆ ತಿರುಗದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಓದಿ ಮುಗಿಸಿದವರು ಗಾಬರಿಯಿಂದ 23ನೇ ಕೀರ್ತನೆಗೆ ಹಾರುತ್ತಾರೆ. ಹಾರಬೇಡಿ. ಆ ಕತ್ತಲೆಯನ್ನು ಪವಿತ್ರಗ್ರಂಥದಲ್ಲಿ ಹಾಗೆಯೇ ಉಳಿಸಿದ್ದಾರೆ, ಓದುವವರು ಸೇರಿಸಬೇಕಾದ್ದು ಏನೂ ಇಲ್ಲ. ಸಾವಿನ ಮನೆಯಲ್ಲಿ ಯೋಹಾನ 11 ಓದುವುದಾದರೆ 1ರಿಂದ 44ರವರೆಗೆ ಆರೇಳು ನಿಮಿಷ ಬೇಕು. ಸಮಯವಿಲ್ಲದಿದ್ದರೆ 32ರಿಂದ 36 ಓದಿ. ಸಮಾಧಿಯಿಂದ ಲಾಜರನನ್ನು ಎಬ್ಬಿಸುವೆನೆಂದು ಗೊತ್ತಿದ್ದೂ ಯೇಸು ಅತ್ತದ್ದು ಅಲ್ಲಿದೆ. ಅಳಬೇಡಿ, ವಿಶ್ವಾಸಿಗಳು ಅಳಬಾರದು ಎನ್ನುವವರಿಗೂ ಅದೇ ಉತ್ತರ. 1 ಥೆಸಲೋನಿಕ 4:13 ಅಳಲೇಬಾರದು ಅನ್ನುವುದಿಲ್ಲ, ನಿರೀಕ್ಷೆಯಿಲ್ಲದವರ ಹಾಗೆ ಅಳಬೇಡಿ ಅನ್ನುತ್ತದೆ.

ಕಾಯಿಲೆಯವರ ಮುಂದೆ ಓದುವ ಕ್ರಮ. ಒಟ್ಟು ಭೇಟಿ 15, 20 ನಿಮಿಷ, ಅದರಲ್ಲಿ ಓದು ಮೂರು ನಿಮಿಷ ಮೀರಬಾರದು. ಮೊದಲು ಕೂತುಕೊಳ್ಳಿ. ಮಲಗಿದವರ ತಲೆಯ ಮೇಲೆ ನಿಂತು ಓದಿದರೆ ಅದು ತೀರ್ಪು ಓದಿದಂತೆ ಕೇಳುತ್ತದೆ. ‘ಅಮ್ಮಾ, ಒಂದು ಸಣ್ಣ ಕೀರ್ತನೆ ಓದಲಾ?’ ಎಂದು ಕೇಳಿ, ಬೇಡವೆಂದರೆ ಬಿಡಿ. ಜನರಲ್ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರಿಗೆ ಕೇಳದಷ್ಟು ದನಿ ಸಾಕು. ಆಕ್ಸಿಜನ್ ಹಾಕಿದವರು ‘ಆಮೆನ್’ ಹೇಳಲೆಂದು ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ ಉಪವಾಸ ಪ್ರಾರ್ಥನೆ ಸೂಚಿಸಲೇಬೇಡಿ. ಓದಿದ ಮೇಲೆ ವ್ಯಾಖ್ಯಾನ ಬೇಡ, ಅರ್ಧ ನಿಮಿಷ ಸುಮ್ಮನಿರಿ. ಬಹಳ ಸಲ ಮಾತು ಆ ಅರ್ಧ ನಿಮಿಷದಲ್ಲಿ ಅವರ ಕಡೆಯಿಂದಲೇ ಹೊರಡುತ್ತದೆ.

ಕಥೋಲಿಕರ ಮನೆಯಲ್ಲಿ ಪಾದ್ರಿಗಳನ್ನು ಕರೆಯುವುದು ತಡವಾಗುವುದಕ್ಕೆ ಒಂದು ಭಯ ಕಾರಣ: ರೋಗಿಗೆ ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರ ಮಾಡಿದರೆ ಸಾವು ಬಂತೆಂದೇ ಅರ್ಥ ಎಂದು. 1972ರಲ್ಲಿ ಆರನೇ ಪೌಲ್ ಪೋಪರು ಈ ಸಂಸ್ಕಾರದ ವಿಧಿಯನ್ನು ಹೊಸದಾಗಿ ರೂಪಿಸಿದ ಮೇಲೆ ಅದು ಗಂಭೀರ ಕಾಯಿಲೆಯವರಿಗೆ, ದೊಡ್ಡ ಆಪರೇಶನ್ನಿಗೆ ಹೋಗುವವರಿಗೆ, ಮುಪ್ಪಿನಿಂದ ಕುಗ್ಗಿದವರಿಗೆ ಎಂದು ಸ್ಪಷ್ಟವಾಗಿದೆ. ಹಣೆಗೆ ಮತ್ತು ಕೈಗಳಿಗೆ ಎಣ್ಣೆ, ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದು. ಗೋವಾಕ್ಕೋ ಮಣಿಪಾಲಕ್ಕೋ ಆಂಬ್ಯುಲೆನ್ಸ್ ಹೊರಡುವ ಮುಂಚೆ ಕರೆದರೆ ರೋಗಿಗೆ ಎಚ್ಚರವಿರುವಾಗಲೇ ಆಗುತ್ತದೆ. ಇದರ ಬೇರು ಯಾಕೋಬನ ಪತ್ರದ 5:14.

ಪುಸ್ತಕ ಎಂಬ ವಸ್ತುವಿನ ಮಾತು. ಬೈಬಲಿನ ತೆಳು ಕಾಗದಕ್ಕೆ ಕಾರವಾರದ ಮಳೆಗಾಲ ಶತ್ರು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುವ ಊರಿನಲ್ಲಿ ಜುಲೈ ಹೊತ್ತಿಗೆ ಹಾಳೆ ಅಲೆಅಲೆಯಾಗುತ್ತದೆ, ರಟ್ಟಿನ ಒಳಮೈಗೆ ಬೂಸಲು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ಬೆವರುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ ಇಡಿ. ಒದ್ದೆಯಾದರೆ ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಬೇಡ. ನಿಲ್ಲಿಸಿ, ಹಾಳೆಗಳನ್ನು ಹರಡಿ, 15, 20 ಹಾಳೆಗೊಂದರಂತೆ ಬಿಳಿ ಕಾಗದ ಸಿಕ್ಕಿಸಿ ಫ್ಯಾನಿನ ಕೆಳಗೆ ಇಡಿ, ಕಾಗದವನ್ನು ಎರಡು ತಾಸಿಗೊಮ್ಮೆ ಬದಲಿಸಿ. ಸುದ್ದಿಪತ್ರಿಕೆ ಹಾಕಿದರೆ ಅದರ ಮಸಿ ಹತ್ತುತ್ತದೆ.

ಕೊಳ್ಳುವಾಗ ಮೂರು ಪರೀಕ್ಷೆ. ಬೆನ್ನು ಬಗ್ಗಿಸಿ ನೋಡಿ, ನೂಲು ಕಂಡರೆ ಹೊಲಿಗೆ, ಕಾಣದಿದ್ದರೆ ಬರೀ ಗೋಂದು. ಗೋಂದಿನದ್ದು ಕೀರ್ತನೆಗಳ ಹತ್ತಿರವೇ ಬೇಗ ಬಿಚ್ಚುತ್ತದೆ, ಏಕೆಂದರೆ ಎಲ್ಲರೂ ತೆರೆಯುವುದು ನಡುಭಾಗವನ್ನೇ. ಕಿಟಕಿ ಬೆಳಕಿಗೆ ಹಿಡಿದಾಗ ಹಿಂಬದಿಯ ಅಕ್ಷರ ಮುಂಬದಿಗೆ ಮೂಡಿ ಓದಿಗೆ ಅಡ್ಡ ಬರುತ್ತದೆಯೇ ನೋಡಿ. ಆಮೇಲೆ ‘ಕ್ರಿಸ್ತ’, ‘ವಿಶ್ವಾಸ’ ಎಂಬ ಪದಗಳನ್ನು ಹುಡುಕಿ ಒತ್ತಕ್ಷರ ನೋಡಿ: ಸಣ್ಣ ಅಚ್ಚಿನಲ್ಲಿ ತ ಒತ್ತು, ವ ಒತ್ತು ಮಸಿಯ ಚುಕ್ಕೆಯಾಗಿಬಿಡುತ್ತದೆ, ಪೊರೆ ಬಂದ ಕಣ್ಣಿಗೆ ಅದು ಓದಲಾಗದು. ಹಿರಿಯರಿಗೆ ದೊಡ್ಡ ಅಕ್ಷರದ್ದೇ ಬೇಕು. ತೂಕ ಹೆಚ್ಚು, ಮಲಗಿ ಎದೆಯ ಮೇಲಿಟ್ಟು ಓದುವುದು ಕಷ್ಟ. ಅಂಥವರಿಗೆ ಹೊಸ ಒಡಂಬಡಿಕೆಯ ಜೊತೆ ಕೀರ್ತನೆಗಳಿರುವ ಚಿಕ್ಕ ಪುಸ್ತಕ ಮೇಲು. ಅದರಲ್ಲಿ ಯೋಬ ಸಿಗುವುದಿಲ್ಲ ಎಂಬುದೊಂದೇ ಕೊರತೆ. ಊರಿನಲ್ಲಿ ಸಿಗದಿದ್ದರೆ ಇಗರ್ಜಿಯ ಕಚೇರಿ ಅಥವಾ ಪಾಸ್ಟರ ಮೂಲಕ ಬೆಂಗಳೂರಿನಿಂದ ತರಿಸಬಹುದು.

ಆ್ಯಪಿನಲ್ಲಿ ಯೂವರ್ಷನ್ ಉಚಿತ, ಕನ್ನಡದ ಹಲವು ಅನುವಾದಗಳಿವೆ, ಅಕ್ಷರ ಹಿಗ್ಗಿಸಬಹುದು, ಎರಡು ಅನುವಾದ ಹೋಲಿಸಬಹುದು. ಕಿವಿಯಿಂದ ಕೇಳುವ ಸೌಲಭ್ಯ ಕಣ್ಣು ತೆರೆಯಲಾಗದ ರೋಗಿಗೆ ವರದಾನ. ದೇವಿಮನೆ, ಅರಬೈಲು ಘಟ್ಟಗಳಲ್ಲಿ, ಜೋಯಿಡಾದ ಒಳಗೆ ನೆಟ್‌ವರ್ಕ್ ನಂಬಬೇಡಿ, ಹೊರಡುವ ಮುಂಚೆಯೇ ಡೌನ್‌ಲೋಡ್ ಆಗುವ ಅನುವಾದವನ್ನು ಇಳಿಸಿಟ್ಟುಕೊಳ್ಳಿ. ದೋಷವೂ ಇದೆ, ಚಿಕ್ಕದಲ್ಲ. ‘ದಿನದ ವಚನ’ ಎಂದು ಒಂದು ಸಾಲನ್ನು ಕಿತ್ತು ಸೂರ್ಯೋದಯದ ಚಿತ್ರದ ಮೇಲೆ ಅಂಟಿಸಿ ಕೊಡುತ್ತದೆ. ಯೋಬ 8:7ಕ್ಕೆ ಆದದ್ದು ಹೀಗೆಯೇ. ಅಂಥ ಚಿತ್ರವನ್ನು ಶೋಕದ ಮನೆಯ ವಾಟ್ಸ್ಆ್ಯಪಿಗೆ ಕಳಿಸುವ ಮುಂಚೆ ಅಧ್ಯಾಯ ತೆರೆದು ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದಿ. ಮೊಬೈಲಿನಿಂದ ಓದುವಾಗ ಕರೆ ಬಂದು ನಡುವೆ ಹಾಡು ಮೊಳಗುವುದೂ ಆಗುತ್ತದೆ, ಏರೋಪ್ಲೇನ್ ಮೋಡಿಗೆ ಹಾಕಿ.

ನಮ್ಮ ಆಯ್ಕೆ: ಕಥೋಲಿಕ ಮನೆಗಳಿಗೆ ಹೋಗುವವರಿಗೆ ಹೆಚ್ಚುವರಿ ಗ್ರಂಥಗಳಿರುವ ಸಾಮಾನ್ಯ ಭಾಷೆಯ ಪ್ರತಿ, ಹೊಲಿಗೆಯದ್ದು. ಪ್ರಾಟೆಸ್ಟೆಂಟ್ ಸಭೆಯವರಿಗೆ ಹಳೆಯ ಸತ್ಯವೇದ, ಜೊತೆಗೆ ರೋಮಾಪುರ 8 ಮತ್ತು ಯೋಬನಿಗೆ ಆ್ಯಪಿನ ಸರಳ ಅನುವಾದವನ್ನು ಮುಂಚಿತವಾಗಿ ಓದಿಕೊಂಡಿರುವುದು.

ಪುಸ್ತಕಕ್ಕೆ ಐದು ಕಾಗದದ ಚೀಟಿ ಸಿಕ್ಕಿಸಿಡಿ: ಕೀರ್ತನೆ 13, ಕೀರ್ತನೆ 88, ಲೂಕ 13, ಯೋಹಾನ 11, ಪ್ರಕಟನೆ 21. ಕೊನೆಯದು ತಡವಾಗಿ ಬೇಕಾಗುವುದು. ಏಳನೇ ದಿನ, ತಿಂಗಳ ಪೂಜೆ ಮುಗಿದ ಮೇಲೆ ಜನ ಬರುವುದು ನಿಲ್ಲುತ್ತದೆ, ನೋವು ಮಾತ್ರ ಆಗ ಗಟ್ಟಿಯಾಗಿ ಕೂತಿರುತ್ತದೆ. ತೀರಿಹೋದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಂಡು, ವರ್ಷ ತುಂಬುವ ಮುಂಚಿನ ಆ ಖಾಲಿ ತಿಂಗಳುಗಳಲ್ಲಿ ಒಂದು ಸಂಜೆ ಹೋಗಿ, ಪ್ರಕಟನೆ 21ರ ಮೊದಲ 5 ವಚನ ಓದಿ. ಕಣ್ಣೀರನ್ನೆಲ್ಲ ದೇವರೇ ಒರೆಸುವರೆಂಬ ಮಾತು ನಾಲ್ಕನೆಯದರಲ್ಲಿದೆ.